ನಾಚಿಯಮ್ಮನ ಬೊಟ್ಟು

"ಈ ಮೊಗಾನ ತಿಂದೋರು ಯಾರು?"

ರಾಜಮ್ಮ ಯಾರನ್ನೂ ಕೇಳಿದ್ದಲ್ಲ. ಜಗಲಿಯ ಮೇಲೆ ಅವಳೊಬ್ಬಳೇ ಇದ್ದಳು. ಗಂಡ ಸೆಲ್ಲಪ್ಪನ್ ಬೆಳಗ್ಗೆಯೇ ಲೂಮಿನ ಶೆಡ್ಡಿಗೆ ಹೋಗಿದ್ದ. ಬೀದಿಯ ಎರಡೂ ಬದಿಯಲ್ಲಿ ಪವರ್‌ಲೂಮುಗಳು ಬಡಿದುಕೊಳ್ಳುತ್ತಿದ್ದವು. ಪಕ್ಕದಲ್ಲೇ ಯಾರಾದರೂ ಕೂತಿದ್ದರೂ ಆ ಮಾತು ಅವರ ಕಿವಿ ಸೇರುತ್ತಿರಲಿಲ್ಲ.

ತೊಡೆಯ ಮೇಲೆ ಅವಳ ತಾಯಿ ನಾಚಿಯಮ್ಮನ ಫೋಟೋ ಇತ್ತು. ಅಂಗೈಯಗಲದ ಕಪ್ಪು-ಬಿಳುಪು ಪಟ. ಧೂಳು ಒರೆಸಿ ಚೀಲಕ್ಕೆ ಹಾಕೋಣವೆಂದು ದೇವರ ಕೋಣೆಯಿಂದ ತೆಗೆದು, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅದನ್ನು ಹಗಲ ಬೆಳಕಿಗೆ ತಂದಿದ್ದಳು. ಪಟದಲ್ಲಿ ಕುರ್ಚಿ ಇತ್ತು. ಕುರ್ಚಿಯಲ್ಲಿ ಕೂತ ಹೆಂಗಸಿನ ಸೀರೆಯ ನೆರಿಗೆ ಇತ್ತು, ಮಡಿಲಲ್ಲಿ ಒಂದರ ಮೇಲೊಂದಿಟ್ಟ ಕೈಗಳಿದ್ದವು, ಹಿಂದೆ ಸ್ಟುಡಿಯೋದವರು ಬರೆಸಿದ ಕೊಳವೂ ಮೆಟ್ಟಿಲೂ ಇದ್ದವು. ಮುಖ ಇರಬೇಕಾದಲ್ಲಿ ಮಾತ್ರ ಬೆರಳಗಲದ ಕಡುಗೆಂಪು ಕಲೆ.

ಅವಳು ಪಟವನ್ನು ಬಿಸಿಲಿಗೆ ಓರೆ ಮಾಡಿ ನೋಡಿದಳು, ನೆರಳಿಗೆ ಹಿಡಿದು ನೋಡಿದಳು. ಬೆಳಗ್ಗೆ ದೀಪ ಹಚ್ಚಿದಾಗ ಇದ್ದಳಲ್ಲ ತಾಯಿ! ಎಂದಿನಂತೆ ಗೂಡಿನಿಂದ ನೋಡುತ್ತಿದ್ದಳಲ್ಲ! ಬೆರಳಿಂದ ಮೆಲ್ಲಗೆ ಮುಟ್ಟಿದಳು. ಬೆರಳ ತುದಿಗೆ ಅಂಟಿದ ಕೆಂಪು ಪುಡಿಯನ್ನು ಕಂಡ ಮೇಲೆ ತಿಳಿಯಿತು. ಅದು ಕುಂಕುಮ. ಅವಳೇ ಇಟ್ಟದ್ದು.

ನಾಚಿಯಮ್ಮ ತೀರಿಕೊಂಡಾಗ ರಾಜಮ್ಮ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತು ನೂಲು ಸುತ್ತುವಷ್ಟು ದೊಡ್ಡವಳು. ತಂಗಿ ಅಂಗಮ್ಮ ಇನ್ನೂ ಮೊಲೆ ಬಿಡದ ಕೂಸು. ಮಗ್ಗ ನೇಯುತ್ತ ತಾಯಿ ಕುಲದೇವತೆ ಚೌಡಮ್ಮನ ಮೇಲಿನ ಪದವೊಂದನ್ನು ಹೇಳುತ್ತಿದ್ದಳು. ಆ ಪದ ರಾಜಮ್ಮನ ಕಿವಿಯಲ್ಲಿ ಉಳಿಯಿತು, ಪದದ ಜತೆಗೆ ದನಿಯೂ ಉಳಿಯಿತು. ಮುಖ ಉಳಿಯಲಿಲ್ಲ. ಅದನ್ನು ಈ ಪಟವೇ ಕಾಪಾಡಿಕೊಂಡು ಬಂದಿತ್ತು. ವಾರವಾರವೂ ಶುಕ್ರವಾರ ಸ್ನಾನ ಮಾಡಿ, ಪದ ಹೇಳಿ, ಚೌಡಮ್ಮನ ಹಣೆಗೊಂದು ಬೊಟ್ಟು, ತಾಯಿಯ ಹಣೆಗೊಂದು ಬೊಟ್ಟು. ಮನೆಗೆ ಸುಣ್ಣ ಬಳಿಸುವಾಗ ಪಟದ ಗಾಜು ಒಡೆದಿತ್ತು. ಚೂರುಗಳನ್ನು ಆಯ್ದು ಬಿಸಾಡಿ, ಚೌಕಟ್ಟನ್ನು ಹಾಗೇ ಗೂಡಿಗೆ ಏರಿಸಿದ್ದಳು. ಬೊಟ್ಟು ಇಡುವುದು ನಿಂತಿರಲಿಲ್ಲ. ಪಟದೊಳಗಿನ ಮುಖ ಉಗುರಿನಷ್ಟು, ಇಡುವ ಬೆರಳು ದೊಡ್ಡದು.

ನಾಡಿದ್ದು ಶುಕ್ರವಾರ ಕಾಂಗೇಯಂನಲ್ಲಿ ಅಂಗಮ್ಮನ ಮೊಮ್ಮಗಳಿಗೆ ತೊಟ್ಟಿಲ ಶಾಸ್ತ್ರ. ಮಗುವಿಗೆ ನಾಚಿಯಮ್ಮನ ಹೆಸರನ್ನೇ ಇಡುವುದೆಂದು ಗೊತ್ತಾಗಿತ್ತು. ಅಂಗಮ್ಮ ಫೋನಿನಲ್ಲಿ ಒಂದೇ ಮಾತು ಕೇಳಿದ್ದಳು: "ಅಕ್ಕಾ, ಅವ್ವನ ಪಟ ತಗೊಂಡು ಬಾ. ನಿಮ್ಮನೇಗೆ ಬಂದಾಗೆಲ್ಲ ಆ ಕತ್ಲೇಲಿ ಕೈ ಮುಗ್ದಿದ್ದೇ ಆಯ್ತು, ಒಂದಿನಾನೂ ಕೈಗೆ ತಗೊಂಡು ನೋಡಿಲ್ಲ. ಪಾಪು ಅವ್ವನ ಸಾಡೆ, ಅವ್ವನಂಗೇ ಅವ್ಳೆ ಅಂತ ಎಲ್ರೂ ಅಂತಾರೆ. ಅವ್ವನ್ನ ನೋಡ್ದೋರು ನಿನ್ ಬಿಟ್ರೆ ಯಾರವ್ರೆ ಹೇಳು?"

ತಾಯಿಯ ಮುಖದ ನೆನಪೇ ಇಲ್ಲದವಳಿಗೆ ಈಗ ಏನನ್ನು ತೆಗೆದುಕೊಂಡು ಹೋಗಿ ತೋರಿಸುವುದು? ರಾಜಮ್ಮ ಪಟವನ್ನು ಒಗೆದ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬೀದಿಗಿಳಿದಳು.

ಎರಡು ಮನೆ ಆಚೆ ಸುಗನ್ಯಾಳ ಅಂಗಡಿ. ಮದುವೆ, ಕಿವಿ ಚುಚ್ಚುವ ಶಾಸ್ತ್ರ, ಹೊಸ ಶೆಡ್ಡಿನ ಪೂಜೆ, ಸತ್ತವರ ಕಣ್ಣೀರಂಜಲಿಯ ಪೋಸ್ಟರು: ಕರುಮತ್ತಂಪಟ್ಟಿಯ ಗೋಡೆಗಳ ಮೇಲೆ ಕಾಣುವ ಮುಖಗಳಲ್ಲಿ ಅರ್ಧ ಅವಳ ಕಂಪ್ಯೂಟರಿನಿಂದ ಹೊರಟವು. ಅವಳೂ ರಾಜಮ್ಮನ ಹಾಗೆ ದೇವಾಂಗದವರ ಮಗಳು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಕಣ್ಣಿಗೆ ಚೆಂದ, ಓದಲು ಬಾರದು. ಮದುವೆಗೆ ಮುಂಚೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ, ಬನಿಯನ್ನುಗಳ ಮೇಲೆ ಚಿತ್ರ ಅಚ್ಚು ಹಾಕುವ ಕಡೆ ಕೆಲಸ ಮಾಡಿದ್ದಳು.

ಅಂಗಡಿ ತೆರೆದಾಗ ಎಲ್ಲರ ಹಾಗೆ ಅವಳೂ ಕೊಯಮತ್ತೂರಿನಿಂದ ಕದ್ದ ಸಾಫ್ಟ್‌ವೇರಿನ ಸಿ.ಡಿ. ತಂದು ಹಾಕಿದ್ದಳು. ಅದರೊಡನೆ ಬಂದ ವೈರಸ್ಸು ಒಂದು ಮದುವೆ ಸೀಸನ್ನಿನ ಕೆಲಸವನ್ನೆಲ್ಲ ನುಂಗಿ ಕೂತಾಗ, ಮಹಡಿಯ ಮೇಲೆ ಬಾಡಿಗೆಗಿದ್ದ ದಾವಣಗೆರೆಯ ಹಿನಾ ಬೇರೊಂದು ಸಿ.ಡಿ. ತಂದುಕೊಟ್ಟಳು. ಹಿನಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು.

"ಇದರ ಹೆಸರು ಗಿಂಪ್, ಫೋಟೋ ತಿದ್ದೋ ಸಾಫ್ಟ್‌ವೇರು. ಕದ್ದಿದ್ದಲ್ಲ, ಪುಕ್ಕಟೆ. ದೇಶದೇಶದವರು ಸೇರಿ ಬರೆದು ಬಿಟ್ಟಿದ್ದಾರೆ. ಯಾರು ಬೇಕಾದರೂ ಬಳಸಬಹುದು, ಇನ್ನೊಬ್ಬರಿಗೆ ಕೊಡಬಹುದು, ಗೊತ್ತಿದ್ದವರು ಒಳಗೆ ಕೈ ಹಾಕಿ ತಿದ್ದಲೂಬಹುದು," ಎಂದಿದ್ದಳು.

"ಸುಮ್ಮಾ ಕೊಡ್ತಾರಾ? ಹಂಗಾದ್ರೆ ಎಲ್ಲೋ ಓಟೆ ಇರ್ಬೇಕು ಅಕ್ಕಾ."

"ಓಟೆ ಅಂದ್ರೆ ತೂತಾ? ಹುಡುಕಿ ಹೇಳಿ, ಮುಚ್ಚೋರಿದ್ದಾರೆ. ಆದ್ರೆ ನಿಮ್ಮ ಕನ್ನಡ ತಿಳೀಬೇಕಂದ್ರೆ ನಾನು ಮೊದಲು ತಮಿಳು ಕಲೀಬೇಕು ನೋಡಿ!"

ಅಂದಿನಿಂದ ಸುಗನ್ಯಾಳ ಅನ್ನ ಗಿಂಪ್‌ನದೇ.

ರಾಜಮ್ಮ ಹೋದಾಗ ಅಂಗಡಿಯಲ್ಲಿ ಪಕ್ಕದ ಬೀದಿಯ ಲೂಮ್ ಮಾಲೀಕ ಚೆನ್ನಿಯಪ್ಪನ್ ಕೂತಿದ್ದ. ಹೊಸ ಶೆಡ್ಡಿನ ಪೂಜೆಗೆ ಅವನ ಫ್ಲೆಕ್ಸ್ ತಯಾರಾಗುತ್ತಿತ್ತು. ತೆರೆಯ ತುಂಬ ಅವನದೇ ಮುಖ.

"ಮೀಸೆ ಇನ್ನೂ ಚೂರು ಕಪ್ಪಾಗ್ಲಿ ಅಮ್ಮಿಣಿ," ಎನ್ನುತ್ತಿದ್ದ ತಮಿಳಿನಲ್ಲಿ; ಹುಡುಗಿಯರನ್ನು ಅಲ್ಲಿ ಅಕ್ಕರೆಯಿಂದ ಕರೆಯುವುದೇ ಹಾಗೆ.

"ಇನ್ನೂ ಕಪ್ಪು ಮಾಡಿದ್ರೆ ಮನೇಲಿ ಅಕ್ಕ ಯಾರೋ ಅಂತ ಬಾಗಿಲು ಹಾಕ್ಕೋತಾರೆ ಅಣ್ಣಾ," ಎಂದು ಸುಗನ್ಯಾ ನಕ್ಕು, ರಾಜಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. "ಏನತ್ತೆ? ಯಾಕೆ ಹಿಂಗಿದ್ದೀರಿ?"

ರಾಜಮ್ಮ ಟವೆಲು ಬಿಚ್ಚಿದಳು. ಹೇಳಿದ್ದು ನಾಲ್ಕೇ ಮಾತು: ಅವ್ವನ ಪಟ, ಬೇರೆ ಇಲ್ಲ, ಶುಕ್ರವಾರ ಕಾಂಗೇಯಂಗೆ ಹೋಗಬೇಕು. ಆಮೇಲೆ ತಡೆದು, ದನಿ ತಗ್ಗಿಸಿ, "ಅಮ್ಮಿಣಿ, ಬೆಳಗ್ಗೆ ಒಳ್ಗಡೆ ಇದ್ಳು. ಈಚೆ ತಂದೆ, ಹೊರಟೋದ್ಳು," ಎಂದಳು.

ವಯಸ್ಸಾದವರ ಮಾತೆಂದು ಸುಗನ್ಯಾ ಅದನ್ನು ಅಲ್ಲಿಗೇ ಬಿಟ್ಟಳು. ಚೌಕಟ್ಟಿನಿಂದ ಪಟ ಬಿಡಿಸಿ, ಮೆತ್ತನೆಯ ಕುಂಚದಿಂದ ಪುಡಿ ಜಾಡಿಸಿದಳು. ಪುಡಿ ಹೋಯಿತು, ಬಣ್ಣ ಹೋಗಲಿಲ್ಲ, ಕಾಗದದೊಳಕ್ಕೇ ಇಳಿದಿತ್ತು. ಕಪ್ಪು-ಬಿಳುಪು ಪಟವೆಂದು ಸ್ಕ್ಯಾನರಿನಲ್ಲೂ ಕಪ್ಪು-ಬಿಳುಪನ್ನೇ ಒತ್ತಿದಳು. ತೆರೆಯ ಮೇಲೆ ಮುಖದ ಜಾಗ ಮಸಿ ಮೆತ್ತಿದಂತೆ ಕರ್ರಗೆ ಮೂಡಿತು.

ತೆರೆಯ ಮೂಲೆಯಲ್ಲಿ ಬಾಯಲ್ಲಿ ಕುಂಚ ಕಚ್ಚಿಕೊಂಡ ಒಂದು ಪ್ರಾಣಿಯ ಗುರುತಿತ್ತು. ರಾಜಮ್ಮನ ಕಣ್ಣು ಅಲ್ಲಿ ನಿಂತಿತು. "ಅದೇನದು, ನರಿಯಾ?"

"ನರಿ ಅಂತಾನೇ ಇಟ್ಕೊಳಿ ಅತ್ತೆ. ಈ ಗಿಂಪ್‌ನೋರ ಗುರ್ತು."

"ನರಿ ಮೊಗ ನೋಡಿದ್ರೆ ಒಳ್ಳೇದು ಅಂತಾರೆ," ಎಂದಳು ರಾಜಮ್ಮ, ನಂಬಿಕೆಗೂ ಅಳುವಿಗೂ ನಡುವಿನ ದನಿಯಲ್ಲಿ.

ಚೆನ್ನಿಯಪ್ಪನ್ ಕುರ್ಚಿ ಎಳೆದುಕೊಂಡು ಮುಂದೆ ಬಂದ. "ಏನುಂಗಕ್ಕಾ, ಇದಕ್ಕೆ ಇಷ್ಟು ಕಳವಳವಾ? ನನ್ನ ಮೀಸೆಗೇ ಹರೆಯ ತರಿಸೋಳು, ನಿಮ್ಮಮ್ಮನಿಗೊಂದು ಮುಖ ತರಿಸೋಳಲ್ವಾ? ತಂಗಿ ಹತ್ತಿರದಿಂದ ನೋಡೇ ಇಲ್ಲ ಅಂತೀರಿ. ಲಕ್ಷಣವಾಗಿರೋ ಮುಖ ಒಂದಿಟ್ಟು, ಕುತ್ತಿಗೆಗೆ ಚಿನ್ನದ ಸರ ಹಾಕಿಬಿಟ್ರೆ ಯಾರಿಗೆ ತಿಳೀತದೆ?"

ಸುಗನ್ಯಾಗೂ ಬೇರೆ ದಾರಿ ಕಾಣಲಿಲ್ಲ. ಅಂಗಮ್ಮನ ಮತ್ತು ಅವಳ ಮಗಳ ಮದುವೆಯ ಫೋಟೋಗಳನ್ನು ತರಿಸಿಕೊಂಡಳು, ರಾಜಮ್ಮನ ರೇಷನ್ ಕಾರ್ಡಿನ ಫೋಟೋ ತರಿಸಿಕೊಂಡಳು. ಅಕ್ಕನ ಕಣ್ಣು, ತಂಗಿಯ ಮೂಗು, ಅಂಗಮ್ಮನ ಮಗಳ ಗಲ್ಲ. ಒಂದೊಂದನ್ನೂ ಕತ್ತರಿಸಿ, ಪದರದ ಮೇಲೆ ಪದರವಿಟ್ಟು, ಅಂಚುಗಳನ್ನು ಸವರಿ, ಗುರುವಾರ ಮಧ್ಯಾಹ್ನದ ಹೊತ್ತಿಗೆ ಒಂದು ಮುಖ ಮಾಡಿದಳು. ಚೆನ್ನಾಗಿಯೇ ಬಂದಿತ್ತು. ಇಂಥ ಕೆಲಸಕ್ಕೆ ಗಿರಾಕಿಗಳು ಅವಳ ಕೈ ಹಿಡಿದು ಕಣ್ಣೀರಿಟ್ಟದ್ದುಂಟು.

ರಾಜಮ್ಮ ತೆರೆಯ ಮುಂದೆ ಕೂತು, ಹಣೆಯಿಂದ ಗಲ್ಲದವರೆಗೂ ನೋಡಿದಳು.

"ಚೆಂದಾಗವ್ಳೆ," ಎಂದಳು ಕೊನೆಗೆ. "ಯಾರ ಮನೆ ಹೆಂಗ್ಸು?"

"ಅತ್ತೆ..."

"ಬೈಬೇಡ ಅಮ್ಮಿಣಿ. ನೀನು ಕಷ್ಟಪಟ್ಟಿದ್ದೀಯ. ಆದ್ರೆ ಇವ್ಳು ನಮ್ಮವ್ವ ಅಲ್ಲ."

"ಅಂಗಮ್ಮತ್ತೇಗೆ ತಿಳಿಯಲ್ಲ ಅಲ್ವಾ?"

"ತಿಳಿಯಲ್ಲ. ಅದಕ್ಕೇ ಆಗಲ್ಲ." ರಾಜಮ್ಮ ಪಟವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡಳು. "ಅವ್ಳು ಇದ್ನೇ ಅವ್ವ ಅಂತ ಕೈ ಮುಗೀತಾಳೆ. ಪಾಪೂಗೂ ಇದ್ನೇ ತೋರಿಸ್ತಾಳೆ. ನಾನು ಪಕ್ಕದಲ್ಲಿ ನಿಂತು ನೋಡ್ತಾ ಇರ್ಬೇಕಾ? ಬ್ಯಾಡ. ಅವ್ಳ ಜಾಗಕ್ಕೇ ಅವ್ಳನ್ನ ಇಡ್ತೀನಿ."

ಅವಳು ಹೋದ ಮೇಲೆ ಸುಗನ್ಯಾ ಆ ಸುಂದರ ಮುಖವನ್ನು ಇನ್ನೊಮ್ಮೆ ನೋಡಿದಳು. ಈಗ ಅವಳಿಗೂ ಅದು ಯಾರದೋ ಮನೆಯವಳಂತೆಯೇ ಕಂಡಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ರಾಜಮ್ಮ ಬೀದಿಯ ಉದ್ದಕ್ಕೂ ಕೇಳುವಂತೆ ಕೂಗಿದಳು. ಲೂಮಿನ ಸದ್ದನ್ನೂ ದಾಟಿ ಬಂದ ಆ ಕೂಗಿಗೆ ಸುಗನ್ಯಾ ಚಪ್ಪಲಿ ಮೆಟ್ಟದೆ ಓಡಿದಳು.

"ಬಂದವ್ಳೆ! ಬಂದ್ಬಿಟ್ಟವ್ಳೆ! ನೀನೇ ನೋಡು ಬಾ!"

ಕಿಟಕಿಯಿಲ್ಲದ ಪುಟ್ಟ ಕೋಣೆ. ಚೌಡಮ್ಮನ ಪಟದ ನೆತ್ತಿಯ ಮೇಲೆ ಕೆಂಪು ಝೀರೋ ಬಲ್ಬು. ಹಗಲೂ ಇರುಳೂ ಉರಿಯುವಂಥದು. ಗೂಡು, ಗೋಡೆ, ಹೂವು, ಎಲ್ಲವೂ ಕೆಂಪಿನಲ್ಲಿ ಮುಳುಗಿದ್ದವು. ಮುದುಕಿಯ ಮನಸ್ಸು ನೋಯದಂಥ ಒಂದು ಮಾತನ್ನು ಬಾಯಲ್ಲಿ ಸಿದ್ಧಪಡಿಸಿಕೊಂಡೇ ಸುಗನ್ಯಾ ಪಟದತ್ತ ಬಗ್ಗಿದಳು.

ಮುಖವಿತ್ತು. ಉಗುರಿನಷ್ಟು ಮುಖ, ಮಸಕಾಗಿ, ಆದರೆ ಇತ್ತು. ಅಗಲವಾದ ಹಣೆ, ಎಡಕ್ಕೆ ತುಸು ವಾಲಿದ ಕತ್ತು, ಏನನ್ನೋ ಹೇಳಹೊರಟು ತಡೆದಂತೆ ತುಸು ಮುಂದೆ ಬಂದ ಕೆಳತುಟಿ.

ಸುಗನ್ಯಾಳ ಕೈ ತಾನಾಗಿ ಮುಗಿಯಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ಕೈ ಸೊಂಟದಿಂದ ಮೊಬೈಲು ತೆಗೆದು ಟಾರ್ಚ್ ಹಚ್ಚಿತು. ಬೆಳ್ಳಗಿನ ಬೆಳಕು ಬಿದ್ದದ್ದೇ ಮುಖ ಮಾಯ, ಕೆಂಪು ಕಲೆ ಎದ್ದು ನಿಂತಿತು. ಟಾರ್ಚ್ ಆರಿಸಿದಳು. ಮುಖ. ಹಚ್ಚಿದಳು. ಕಲೆ.

"ಅವ್ಳ ಜತೆ ಆಟ ಆಡ್ಬೇಡ ಅಮ್ಮಿಣಿ," ಎಂದಳು ರಾಜಮ್ಮ.

ಸುಗನ್ಯಾಗೆ ತಿರುಪ್ಪೂರು ನೆನಪಾಯಿತು. ಕಂಪನಿಯಲ್ಲಿ ಅಚ್ಚಿನ ಫಿಲ್ಮು ತೊಳೆಯುವ ಕತ್ತಲೆ ಕೋಣೆಯಲ್ಲೂ ಇಂಥದೇ ಕೆಂಪು ಬಲ್ಬು ಉರಿಯುತ್ತಿತ್ತು. ಬಿಳಿ ಬನಿಯನ್ನಿನ ಮೇಲೆ ಅಚ್ಚಾದ ಕೆಂಪು ಗುಲಾಬಿ ಆ ಕೋಣೆಯೊಳಗೆ ಬಂದರೆ ಕಾಣುತ್ತಲೇ ಇರಲಿಲ್ಲ. ಬರೀ ಬಿಳಿ ಬನಿಯನ್. ಹೊಸದಾಗಿ ಬಂದ ಹುಡುಗಿಯರಿಗೆ, "ನಿನ್ನ ಗುಲಾಬೀನ ಯಾರೋ ಕಿತ್ಕೊಂಡೋದ್ರು" ಎಂದು ತಮಾಷೆ ಮಾಡುತ್ತಿದ್ದರು. ಕೆಂಪು ಬೆಳಕಿನಲ್ಲಿ ಕೆಂಪು ಕಾಣದು. ಕಪ್ಪು ಮಾತ್ರ ಕಪ್ಪಾಗಿಯೇ ನಿಲ್ಲುತ್ತದೆ.

ತಾಯಿಯ ಮುಖ ಇಷ್ಟು ವರ್ಷ ಕುಂಕುಮದಡಿಯಲ್ಲಿ ಕಪ್ಪು-ಬಿಳುಪಾಗಿಯೇ ಇತ್ತು. ಕಲೆ ಬೆಳೆಯುತ್ತಿದ್ದುದು ರಾಜಮ್ಮನಿಗೆ ಕಾಣದ ಹಾಗೆ ಮಾಡಿದ್ದೂ ಈ ಬಲ್ಬೇ, ಮುಖವನ್ನು ದಿನಾ ತೋರಿಸುತ್ತಿದ್ದದ್ದೂ ಈ ಬಲ್ಬೇ.

"ಅತ್ತೆ, ಪಟ ತಗೊಳಿ. ಬನ್ನಿ ಅಂಗಡೀಗೆ!"

"ಈಚೆ ತಂದ್ರೆ ಮತ್ತೆ ಹೊರಟೋದ್ರೆ?"

"ಹೋಗಲ್ಲ. ನಾನೇ ತಪ್ಪು ಮಾಡಿದ್ದು. ಕಪ್ಪು-ಬಿಳುಪು ಪಟ ಅಂತ ಕಲರ್ ಇಲ್ದೇ ಸ್ಕ್ಯಾನ್ ಮಾಡಿಬಿಟ್ಟೆ. ಕೆಂಪು ಕೆಂಪಾಗೇ ಒಳಗೆ ಬಂದ್ರೆ ತಾನೇ ಅದನ್ನ ಬೇರೆ ಮಾಡೋಕಾಗೋದು?"

ರಾಜಮ್ಮನಿಗೆ ಅರ್ಥವಾಗಲಿಲ್ಲ. ಆದರೂ ಪಟವನ್ನು ಎದೆಗವಚಿಕೊಂಡು ಹಿಂದೆಯೇ ಹೊರಟಳು.

ಈ ಸಲ ಬಣ್ಣದಲ್ಲಿ ಸ್ಕ್ಯಾನ್ ಒತ್ತಿದ್ದಾಯಿತು. ಸ್ಕ್ಯಾನರಿನ ಬೆಳಕು ಮೆಲ್ಲಗೆ ತೆವಳುತ್ತ ಮೆಟ್ಟಿಲು ದಾಟಿ, ಕೊಳ ದಾಟಿ, ಕುರ್ಚಿಯ ಬಳಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಆ ವರ್ಷ ದಿನಾ ಹೋಗುತ್ತಿದ್ದ ಕರೆಂಟೇ. ಆದರೂ ಸುಗನ್ಯಾ ತಲೆ ಚಚ್ಚಿಕೊಂಡಳು.

ಬೀದಿಯ ಲೂಮುಗಳೆಲ್ಲ ಒಟ್ಟಿಗೆ ನಿಂತವು. ಆ ಊರಿನಲ್ಲಿ ಮೌನವೆಂಬುದು ಕರೆಂಟು ಹೋದಾಗ ಮಾತ್ರ ಬರುವ ನೆಂಟ. ದೂರದಲ್ಲೆಲ್ಲೋ ಕುಕ್ಕರು ಸೀಟಿ ಹಾಕಿತು, ಕೊಯಮತ್ತೂರಿನ ರಸ್ತೆಯಲ್ಲಿ ಲಾರಿ ಹೋಯಿತು. ಸುಗನ್ಯಾ ಮೇಣದ ಬತ್ತಿ ಹಚ್ಚಿಟ್ಟಳು. ರಾಜಮ್ಮ ಸ್ಟೂಲಿನ ಮೇಲೆ ಕಾಲು ಮಡಿಚಿ ಕೂತು, ಕೇಳುವವರು ಯಾರೂ ಇಲ್ಲವೆಂಬಂತೆ, ಪದ ಹೇಳತೊಡಗಿದ್ದಳು.

"ಎಳೆಗೆ ಎಳೆ ಕೂಡಿಸಿದೋಳೆ, ನಮ್ಮವ್ವ,
ಬೆತ್ತಲ ಲೋಕಕ್ಕೆ ಉಡಿಸಿದೋಳೆ,
ಹರಿದ ಕಡೆ ಬಾರೆ, ಗಂಟಿಕ್ಕಿ ಹೋಗೆ,
ನೀನಿಟ್ಟ ಗಂಟು ಕಾಣೋದಿಲ್ಲವ್ವ."

ಸುಗನ್ಯಾ ಹುಟ್ಟಿದಾಗಿನಿಂದ ಅವರ ನೆರೆಯವಳು. ಲೂಮಿನ ಸದ್ದಿನಡಿಯಲ್ಲಿ ಆ ಪದದ ತುಣುಕುಗಳನ್ನು ಕೇಳಿದ್ದಳೇ ಹೊರತು ಪೂರ್ತಿ ಕೇಳಿದ್ದು ಇಂದೇ.

"ಯಾರು ಕಟ್ಟಿದ್ದು ಅತ್ತೆ ಇದು?"

"ಯಾರಿಗ್ ಗೊತ್ತು. ಅವ್ವ ಹೇಳ್ತಿದ್ಳು, ನನ್ ಬಾಯಿಗ್ ಬಂತು. ನಿನಗೆ ಬೇಕಾದ್ರೆ ನೀನೂ ಇಟ್ಕೋ." ಆಮೇಲೆ ಆರಿದ ತೆರೆಯ ಕಡೆ ಗಲ್ಲ ತೋರಿಸಿ ಕೇಳಿದಳು: "ಆ ಸಾಬರ ಹುಡ್ಗಿ ನಿನಗೆ ಕೊಟ್ಟ ನರೀನೂ ಹಿಂಗೇ ಅಂದ್ಯಲ್ಲ?"

"ಹೂಂ ಅತ್ತೆ. ಹಿಂಗೇ."

ಕರೆಂಟು ಬಂದಾಗ ಇಡೀ ಬೀದಿ ಒಮ್ಮೆ ನಡುಗಿ ಎದ್ದಿತು. ಲೂಮುಗಳು ಬಡಿಯತೊಡಗಿದವು. ಕಂಪ್ಯೂಟರು ಕಣ್ಣು ಬಿಟ್ಟ ಕೂಡಲೇ ಸುಗನ್ಯಾ ಮತ್ತೆ ಸ್ಕ್ಯಾನ್ ಒತ್ತಿದಳು. ಸ್ಕ್ಯಾನರಿನ ಬೆಳಕು ಈ ಸಲ ಕುರ್ಚಿ ದಾಟಿತು, ಕಲೆ ದಾಟಿತು, ತುದಿ ಮುಟ್ಟಿತು. ತೆರೆಯ ಮೇಲೆ ಕಡುಗೆಂಪು ಕಲೆ ಹಾಗೆಯೇ ಮೂಡಿತು. ರಾಜಮ್ಮ ಕಣ್ಣು ಮುಚ್ಚಿಕೊಂಡಳು.

ಸುಗನ್ಯಾ ಬದಿಯ ಪುಟ್ಟ ಕಿಟಕಿಯೊಂದನ್ನು ತೆರೆದಳು. ಅಲ್ಲಿ ಮೂರು ಸಾಲುಗಳಿದ್ದವು: ಕೆಂಪು, ಹಸಿರು, ನೀಲಿ. ಪ್ರತಿ ಸಾಲಿನ ತಲೆಯಲ್ಲೂ ಒಂದು ಸಣ್ಣ ಕಣ್ಣಿನ ಗುರುತು. ಹಸಿರಿನ ಕಣ್ಣು ಒತ್ತಿ ಮುಚ್ಚಿದಳು. ನೀಲಿಯ ಕಣ್ಣು ಮುಚ್ಚಿದಳು.

ತೆರೆ ಇಡೀ ಕೆಂಪಾಯಿತು. ದೇವರ ಕೋಣೆಯಷ್ಟೇ ಕೆಂಪು. ಕಲೆ ಇಲ್ಲ. ಕುರ್ಚಿಯ ಮೇಲೆ, ಕತ್ತು ಎಡಕ್ಕೆ ವಾಲಿಸಿ, ನಾಚಿಯಮ್ಮ ಕೂತಿದ್ದಳು.

"ಅತ್ತೆ, ಕಣ್ಣು ಬಿಡಿ."

ರಾಜಮ್ಮ ಕಣ್ಣು ಬಿಟ್ಟಳು. ನೋಡಿದಳು. ಕಂಪ್ಯೂಟರಿನ ಹಿಂದೆ ಬಗ್ಗಿ ಅಲ್ಲಿಯೂ ನೋಡಿ ಬಂದಳು. "ಇದ್ರೊಳ್ಗೂ ಝೀರೋ ಬಲ್ಬು ಇಕ್ಕವ್ರಾ?"

ಸುಗನ್ಯಾಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಇಕ್ಕವ್ರೆ ಅತ್ತೆ. ಯಾರೋ ಪುಣ್ಯಾತ್ಮರು ನಮ್ಗೂ ಒಂದು ಇಕ್ಕಿ ಹೋಗವ್ರೆ."

ಆಮೇಲಿನದು ಅವಳಿಗೆ ಗೊತ್ತಿದ್ದ ಕೆಲಸ. ಮೂರು ಬಣ್ಣಗಳನ್ನೂ ಮೂರು ಬೇರೆ ಬೇರೆ ಪಟಗಳಾಗಿ ಬಿಡಿಸಿದಳು. ಹಸಿರಿನದರಲ್ಲೂ ನೀಲಿಯದರಲ್ಲೂ ಮುಖ ಮಸಿ. ಅವೆರಡನ್ನೂ ಬದಿಗಿಟ್ಟಳು. ಕೆಂಪಿನದು ತೆಳು ಬೂದುಬಣ್ಣದಲ್ಲಿ, ಮಂಜಿನಾಚೆ ನಿಂತಂತೆ, ಸ್ವಚ್ಛವಾಗಿತ್ತು. ಕಪ್ಪನ್ನು ಸ್ವಲ್ಪ ಗಾಢ ಮಾಡಿದಳು. ಪುಡಿ ಗಟ್ಟಿಯಾಗಿ ಕೂತಿದ್ದ ಕಡೆ ಬಿದ್ದ ಬಿರುಕುಗಳನ್ನು ಪಕ್ಕದ ಚರ್ಮದಿಂದಲೇ ತೇಪೆ ಹಾಕಿ ಮುಚ್ಚಿದಳು. ಹಿಂದೆ ನಿಂತ ರಾಜಮ್ಮ ಕಾವಲುಗಾರ್ತಿಯಾದಳು: "ತುಟಿ ಮುಟ್ಬೇಡ. ಕಣ್ಣು ಅಂಗೇ ಇರ್ಲಿ. ಅದು ಬಿರುಕಲ್ಲ ಅಮ್ಮಿಣಿ, ಮೂಗಿನ ಪಕ್ಕ ಅಲ್ಲೊಂದು ಮಚ್ಚೆ ಇತ್ತು. ಅಯ್ಯೋ ಇತ್ತು! ನನಗೆ ಮರ್ತೇ ಹೋಗಿತ್ತು!"

ಹಣೆಯ ಮೇಲೂ ಒಂದು ಚುಕ್ಕೆಯಿತ್ತು. ಎಳ್ಳಿನಷ್ಟು, ಕಪ್ಪಗೆ. ಸುಗನ್ಯಾ ಅದರ ಮೇಲೆ ಮೌಸು ಒಯ್ದಾಗ ರಾಜಮ್ಮ ಅವಳ ಕೈಯನ್ನೇ ಹಿಡಿದುಬಿಟ್ಟಳು.

"ದೊಡ್ದು ಮಾಡು."

ಸುಗನ್ಯಾ ಹಿಗ್ಗಿಸಿದಳು. ಚುಕ್ಕೆ ಹುಬ್ಬುಗಳ ನಡುವೆ ಇರಲಿಲ್ಲ. ಕೂದಲೆಳೆಯಷ್ಟು ಬಲಕ್ಕೆ ಸರಿದಿತ್ತು.

"ಕನ್ನಡಿ ಇರಲಿಲ್ಲ ನಮ್ಮನೇಲಿ," ಎಂದಳು ರಾಜಮ್ಮ. ಅವಳ ದನಿ ಎಲ್ಲಿಂದಲೋ ಬರುತ್ತಿತ್ತು. "ಹಿತ್ತಾಳೆ ಬಿಂದಿಗೇಲಿ ನೀರು ತುಂಬ್ಸಿ, ಅದ್ರಲ್ಲಿ ನೋಡ್ಕೊಂಡು ಬೊಟ್ಟು ಇಟ್ಕೋತಿದ್ಳು. ನೀರು ಅಲ್ಲಾಡೋದು. ಯಾವತ್ತೂ ಸೊಟ್ಟಗೇ ಆಗೋದು. ಅಪ್ಪ ನಗೋನು. ಪಟ ತೆಗ್ಸಕ್ಕೆ ಕೊಯಮತ್ತೂರಿಗೆ ಹೊರಟ ದಿನಾನೂ ಬಿಂದಿಗೆ ಮುಂದೆ ಬಗ್ಗಿ ನಿಂತಿದ್ಳು..."

ಈ ನೆನಪು ಅವಳಲ್ಲಿ ಇತ್ತೆಂಬುದೇ ಅವಳಿಗೆ ತಿಳಿದಿರಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ದಿನ ಹೊತ್ತ ಮೂಟೆ ಇಳಿಸಿದವಳ ಹಾಗೆ ಉಸಿರು ಬಿಟ್ಟಳು.

"ನಾನು ತಿಂದಿಲ್ಲ ಅಮ್ಮಿಣಿ," ಎಂದಳು. "ಮುಚ್ಚಿದ್ದೆ, ಅಷ್ಟೇ."

ಫ್ಲೆಕ್ಸ್ ಒಯ್ಯಲು ಬಂದ ಚೆನ್ನಿಯಪ್ಪನ್ ಬಾಗಿಲಲ್ಲೇ ನಿಂತು ತೆರೆ ನೋಡಿದ. ಬಾಯಿ ತೆರೆದವನು ಚಿನ್ನದ ಸರದ ಮಾತೆತ್ತಲಿಲ್ಲ. "ಇಷ್ಟು ದಿನ ಎಲ್ಲಿತ್ತುಂಗಕ್ಕಾ ಈ ಮುಖ?" ಎಂದಷ್ಟೇ ಕೇಳಿ, ಚಪ್ಪಲಿ ಬಿಟ್ಟು ಒಳಗೆ ಬಂದ.

ಶುಕ್ರವಾರ ಬೆಳಗ್ಗೆ ರಾಜಮ್ಮ ಸುಗನ್ಯಾಳನ್ನೂ ಹೊರಡಿಸಿಕೊಂಡು ಬಸ್ಸು ಹತ್ತಿದಳು. ತಿರುಪ್ಪೂರಿನಲ್ಲಿ ಬಸ್ಸು ಬದಲಿಸುವಾಗ ಎರಡು ಸಲ ಚೀಲ ಬಿಚ್ಚಿ ನೋಡಿದಳು.

"ಹೋಗಿಲ್ಲ ಅತ್ತೆ, ಅಲ್ಲೇ ಇದ್ದಾರೆ," ಎಂದು ಸುಗನ್ಯಾ ಕೀಟಲೆ ಮಾಡಿದಳು.

"ನಿನಗೇನು ಗೊತ್ತು, ಅವ್ಳಿಗೆ ಬಿಸ್ಲು ಆಗಲ್ಲ," ಎಂದಳು ರಾಜಮ್ಮ. ಹೇಳಿ ತಾನೇ ನಕ್ಕಳು.

ಕಾಂಗೇಯಂನ ಎಣ್ಣೆ ಗಾಣಗಳ ಬೀದಿಯಲ್ಲಿ ಅಂಗಮ್ಮನ ಮನೆ. ಅಂಗಳದ ತುಂಬ ಕೊಬ್ಬರಿ ಹೋಳುಗಳು ಮುಖ ಮೇಲೆ ಮಾಡಿ ಒಣಗುತ್ತಿದ್ದವು; ಮನೆಯೊಳಗಿನ ಗಾಳಿಗೂ ತಲೆಗೆ ಎಣ್ಣೆ ಹಚ್ಚಿದಂಥ ವಾಸನೆ. ಅಂಗಮ್ಮ ಅಕ್ಕನ ಕೈಯಿಂದ ಚೀಲ ಕಿತ್ತುಕೊಂಡಂತೆಯೇ ತೆಗೆದುಕೊಂಡಳು. ಒಳಗೆ ಎರಡು ಪಟಗಳಿದ್ದವು. ಮೊದಲು ಹಳೆಯದು ಕೈಗೆ ಬಂತು. ಕೆಂಪು ಕಲೆ ಕಂಡು ಅವಳು ಅಕ್ಕನ ಕಡೆ ತಿರುಗಿದಳು. ರಾಜಮ್ಮ ತಲೆ ತಗ್ಗಿಸಿ ನಿಂತಳು. ಬಲ್ಬಿನ ಕಥೆಯನ್ನೂ ನರಿಯ ಕಥೆಯನ್ನೂ ಸುಗನ್ಯಾಳೇ ಹೇಳಬೇಕಾಯಿತು.

ಅಂಗಮ್ಮ ಕಲೆಯ ಮೇಲೆ ಬೆರಳಾಡಿಸಿದಳು. "ಇಷ್ಟು ಬೊಟ್ಟಾ ಅಕ್ಕಾ? ಒಂದು ಶುಕ್ರವಾರಾನೂ ಬಿಟ್ಟಿಲ್ವಲ್ಲೇ ನೀನು!" ಅವಳ ದನಿಯಲ್ಲಿ ದೂರಿರಲಿಲ್ಲ. ರಾಜಮ್ಮ ಆಗ ತಲೆ ಎತ್ತಿದಳು.

ಹೊಸ ಪಟವನ್ನು ಅಂಗಮ್ಮ ಮೊದಲು ತೋಳುದ್ದ ದೂರ ಹಿಡಿದಳು, ಆಮೇಲೆ ಮೂಗಿಗೆ ತಾಗುವಷ್ಟು ಹತ್ತಿರ.

"ಇವ್ಳು ನಮ್ಮವ್ವನಾ?" ಎಂದಳು. "ಇಷ್ಟು ಚಿಕ್ಕೋಳಾ? ನಮ್ಮ ವಿಜಯಕುಮಾರಿಗಿಂತ ಚಿಕ್ಕೋಳಲ್ಲಕ್ಕಾ ಇವ್ಳು!"

ಅಂಗಮ್ಮನ ಮಗಳು, ಬಾಣಂತಿ ವಿಜಯಕುಮಾರಿ ಮಗುವನ್ನು ಎತ್ತಿಕೊಂಡು ಬಂದಳು. ಎಲ್ಲರೂ ಪಟವನ್ನೂ ಕೂಸನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದರು. ಮೂಗು ಅವ್ವನದಲ್ಲ ಎಂದು ತೀರ್ಮಾನವಾಯಿತು. "ಅದು ಅವರಪ್ಪನ ಮನೇದು, ನಾವು ಹೊಣೆ ಅಲ್ಲ," ಎಂದಳು ಅಂಗಮ್ಮ. ಹಣೆಯ ಬಗ್ಗೆ ವಾದ ನಡೆಯಿತು. ಅಷ್ಟರಲ್ಲಿ ಕೂಸು ಅಳಲೋ ಬೇಡವೋ ಎಂದು ಯೋಚಿಸುತ್ತ ಕೆಳತುಟಿ ಮುಂದೆ ಚಾಚಿತು. ಪಟದೊಳಗಿನದೇ ತುಟಿ. ಅಂಗಮ್ಮ ಪಟವನ್ನು ಎದೆಗೊತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.

ತೊಟ್ಟಿಲ ಪಕ್ಕದ ಮಣೆಯ ಮೇಲೆ ಚೌಡಮ್ಮನ ಪಟ ಇಟ್ಟರು, ಅದರ ಪಕ್ಕ ನಾಚಿಯಮ್ಮನನ್ನು ಕೂರಿಸಿದರು. ದೀಪ ಹಚ್ಚಿದರು. ರಾಜಮ್ಮ ಪದ ಹೇಳಿದಳು. ಇಲ್ಲಿ ಲೂಮುಗಳಿರಲಿಲ್ಲ, ಪದದ ಕೊನೆಯ ಎಳೆಯವರೆಗೂ ಎಲ್ಲರಿಗೂ ಕೇಳಿಸಿತು. ಅಂಗಮ್ಮ ಕುಂಕುಮದ ಭರಣಿಯನ್ನು ಅಕ್ಕನ ಮುಂದೆ ಹಿಡಿದಳು.

"ನೀನು ದೊಡ್ಡೋಳು. ಬೊಟ್ಟಿಡಕ್ಕಾ. ಆಮೇಲೆ ಪಾಪೂಗೆ ಹೆಸರು ಕೂಗೋಣ."

ರಾಜಮ್ಮ ಬೆರಳದ್ದಿ ಚೌಡಮ್ಮನಿಗೆ ಬೊಟ್ಟಿಟ್ಟಳು. ತೊಟ್ಟಿಲಿಗೊಂದು ಇಟ್ಟಳು. ಮಗುವಿನ ತಾಯಿಗೆ ಇಟ್ಟಳು. ತನ್ನ ತಾಯಿಯ ಪಟದ ಮುಂದೆ ಬಗ್ಗಿದಳು. ದೀಪದ ಬೆಳಕಿನಲ್ಲಿ, ಅಗಲವಾದ ಹಣೆಯ ಮೇಲೆ, ಕೂದಲೆಳೆಯಷ್ಟು ಬಲಕ್ಕೆ ಸರಿದ ಎಳ್ಳಿನಷ್ಟು ಚುಕ್ಕೆ. ಅವಳು ಅದನ್ನು ನೋಡಿದಳು, ಕೆಂಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಭರಣಿಯ ಮುಚ್ಚಳ ಮುಚ್ಚಿದಳು.

"ಅವ್ವಂಗೆ ಇಡ್ಲೇ ಇಲ್ಲ?" ಎಂದಳು ಅಂಗಮ್ಮ. "ಈಗ ಗ್ಲಾಸ್ ಐತಲ್ಲಕ್ಕಾ, ಏನೂ ಆಗಲ್ಲ. ಒರೆಸಿದ್ರೆ ಹೋಗ್ತದೆ. ಒಳ್ಳೇ ದಿನ, ಒಂದೇ ಒಂದು ಇಡು."

"ಇಡಲ್ಲ," ಎಂದಳು ರಾಜಮ್ಮ. "ಅವ್ಳೇ ಇಟ್ಕೊಂಡವ್ಳೆ."